ನೀಲಿ ಅಂಗಿಯ ಸವಾರನಿಗೊಬ್ಬ ತಮ್ಮ

ಎಡಮನೆಯ ಮಾವನ ಹಣೆಯ ಮೇಲೆ ಹಚ್ಚೆ ಹಾಕಿಸಿದಂತೆ ನೀಲಿ ಗೆರೆಗಳಿದ್ದವು. ಗಾಯದೊಳಗೆ ಗಣಿಯ ಕಲ್ಲುಪುಡಿ ಸೇರಿ, ಅದರ ಮೇಲೆ ಚರ್ಮ ಬೆಳೆದುಬಿಟ್ಟಿತ್ತು. ಆ ಗೆರೆಗಳನ್ನು ಕಂಡರೆ ನನಗೆ ಭಯ. ಸತ್ತು ವಾಪಸು ಬಂದವರಿಗೆ ಅಂಥ ಗುರುತು ಉಳಿಯುತ್ತದೆಂದು ಚಿನ್ನದ ಗಣಿಯ ಊರಿಗಾಂನ ನಮ್ಮ ಕಾರ್ಮಿಕರ ಲೈನ್ ಮನೆಗಳ ಮಕ್ಕಳೆಲ್ಲ ನಂಬಿದ್ದೆವು.

ಮಾವ ಒಮ್ಮೆ ಸತ್ತಿದ್ದರು. ಅಂದರೆ, ಅವರ ಹೆಸರಿನಲ್ಲಿ ಒಂದು ಹೆಣ ಸುಟ್ಟಿದ್ದರು. ಭೂಮಿಯೊಳಗಿನ ಸೆಕೆ ತಾಳಲಾರದೆ ಗಂಡಸರು ಅಂಗಿ ಕಳಚಿ ಮೊಳೆಗೆ ನೇತುಹಾಕಿ ಕೆಲಸ ಮಾಡುತ್ತಿದ್ದರು. ಜೇಬಿನಲ್ಲಿ ಅವರವರ ನಂಬರಿನ ಹಿತ್ತಾಳೆ ಬಿಲ್ಲೆ. ಪಾಳಿ ಮುಗಿಯುವ ಹೊತ್ತಿಗೆ ಜೊತೆಗಾರನೊಬ್ಬ ಕತ್ತಲಲ್ಲಿ ತನ್ನದೆಂದುಕೊಂಡು ಮಾವನ ಅಂಗಿ ತೊಟ್ಟು ಮುಂದೆ ನಡೆದ. ಆಗಲೇ ಬಂಡೆ ಸಿಡಿಯಿತು. ಮೇಲೆ ನಮ್ಮ ಅಡುಗೆಮನೆಯ ಪಾತ್ರೆಗಳು ಉರುಳಿಬಿದ್ದವು. ಹೆಂಗಸರು ಗಣಿಗೆ ಇಳಿಯುವ ಶಾಫ್ಟಿನ ಕಡೆ ಓಡಿದರು. ಮೇಲಕ್ಕೆ ಬಂದ ಹೆಣಕ್ಕೆ ಮುಖವೇ ಇರಲಿಲ್ಲ, ಬಿಲ್ಲೆ ಮಾವನದು. ಅಂದೇ ಸುಟ್ಟರು, ಅವರ ಹೆಂಡತಿ ಬಳೆ ಒಡೆದುಕೊಂಡರು.

ಆ ಜೊತೆಗಾರನ ಹೆಂಡತಿ ನಮ್ಮ ಬಲಮನೆಯ ಚಿಕ್ಕಮ್ಮ. ತನ್ನ ಗಂಡ ಬಂಡೆಯ ಹಿಂದೆ ಜೀವಂತ ಇದ್ದಾನೆಂದು ಆಕೆ ಶಾಫ್ಟಿನ ಬಾಯಲ್ಲೇ ಕೂತಿದ್ದರು. ಮರುದಿನ ಜೀವವಿದ್ದ ಒಬ್ಬನನ್ನು ಮೇಲಕ್ಕೆ ತಂದರು. ಚಿಕ್ಕಮ್ಮ ಓಡಿಹೋಗಿ ಮುಖದ ಮೇಲಿನ ಬಟ್ಟೆ ಸರಿಸಿದರು. ಮಲಗಿದ್ದದ್ದು ಮಾವ.

ಅಂತ್ಯಸಂಸ್ಕಾರವಾದವನು ಹಾಗೇ ಮನೆಯೊಳಗೆ ಬರಬಾರದೆಂದು ಹಿರಿಯರು ಅವರಿಗೆ ಹಸುಗೂಸಿನಂತೆ ಎಣ್ಣೆನೀರೆರೆದು, ಬೇರೆ ಹೆಸರಿಟ್ಟು, ಹೆಂಡತಿಗೆ ಮತ್ತೆ ತಾಳಿ ಕಟ್ಟಿಸಿದರು. ಹಳೆಯ ಹೆಸರು ಎತ್ತುವಂತಿಲ್ಲ, ಹೊಸದು ಯಾರ ಬಾಯಿಗೂ ಹತ್ತಲಿಲ್ಲ. ಎಲ್ಲರಿಗೂ ಅವರು ಮಾವ ಆದರು.

ಮಾವನಿಗೆ ಕಾಮಿಕ್ಸ್ ಹುಚ್ಚು. ರಜೆಯ ದಿನ ರೈಲು ಹತ್ತಿ ಬಂಗಾರಪೇಟೆಗೆ ಹೋಗಿ, ಹಳೇ ಪೇಪರ್ ಅಂಗಡಿಯಲ್ಲಿ ಹುಡುಕಿ ತರುವರು. ಇಂಗ್ಲಿಷ್ ಬಾರದು, ಚಿತ್ರ ನೋಡಿಯೇ ಕಥೆ ಹೇಳುವರು. ನಮ್ಮದು ಕಟ್ಟುನಿಟ್ಟಿನ ಮನೆ. ಕೈಕಾಲು ತೊಳೆದು, ಮಗ್ಗಿ ಒಪ್ಪಿಸಿದ ಮೇಲೆಯೇ ಅವರ ಜಗಲಿಗೆ ಹೋಗಲು ಅಪ್ಪಣೆ.

"ಹೆಣ ತೋರ್ಸಿಲ್ಲ ಅಂದ್ರೆ ಸತ್ತಿಲ್ಲ ಕಣಮ್ಮಿ," ಎನ್ನುವರು, ಕಥೆಯ ವೀರ ಕಾಣೆಯಾದಾಗ. "ಹೊಗೆ ತೋರ್ಸವ್ನೆ, ಟೋಪಿ ತೋರ್ಸವ್ನೆ. ಮುಂದಿನ ಪುಸ್ತಕಕ್ಕೆ ಬತ್ತಾನೆ ನೋಡು."

ಬಂದರೆ ಕುಣಿದಾಡುವರು. ಆಮೇಲೆ ಬೈಗುಳ. "ನಗ್ತಾ ಕುದ್ರೆ ಹತ್ತವ್ನೆ, ನೋಡು! ಎದ್ದು ಬಂದೋನಿಗೆ ನಿದ್ದೆ ಬತ್ತದಾ? ಇವನ ಬದ್ಲು ಯಾರು ಹೋದ ಅಂತ ಒಂದ್ ಚಿತ್ರ ಆದ್ರೂ ಬ್ಯಾಡ್ವಾ?"

ಚಿಕ್ಕಮ್ಮನೂ ಅಕ್ಕಿ ಆರಿಸುತ್ತ ಅಲ್ಲೇ ಕೂರುತ್ತಿದ್ದರು. ಸುಟ್ಟದ್ದು ನಿನ್ನ ಗಂಡನನ್ನೇ ಎಂದು ಯಾರು ಹೇಳಿದರೂ, "ನಾ ಮುಖ ನೋಡಿಲ್ಲ" ಎನ್ನುವರು. ಕುಂಕುಮ ಅಳಿಸಲಿಲ್ಲ. ರಾತ್ರಿ ಬಾಗಿಲಿಗೆ ಚಿಲಕ ಹಾಕಲಿಲ್ಲ. ನಮಗೂ ಅವರಿಗೂ ನಡುವೆ ಇದ್ದದ್ದು ತಡಿಕೆಯ ಗೋಡೆ. ಆ ಬಾಗಿಲು ಗಾಳಿಗೆ ಕಿರುಗುಟ್ಟಿದಾಗಲೆಲ್ಲ, ಮುಖವಿಲ್ಲದ ಯಾರೋ ಒಳಗೆ ಬಂದರೆಂದು ನಾನು ಅಮ್ಮನ ಸೆರಗು ಹಿಡಿಯುತ್ತಿದ್ದೆ.

ಒಂದು ಕಥೆಯಲ್ಲಿ ನೀಲಿ ಅಂಗಿಯ ಸವಾರ ಕಣಿವೆಗೆ ಬಿದ್ದಿದ್ದ. ಮುಂದಿನ ಸಂಚಿಕೆಗಾಗಿ ಮಾವ ಬಂಗಾರಪೇಟೆಗೆ ಎಷ್ಟೋ ಸಲ ಅಲೆದರು. ಕೊನೆಗೆ ಸಿಕ್ಕಿತು. ಪುಟ ತಿರುಗಿಸಿದರೆ, ಸವಾರ ಬಂಡೆ ಹತ್ತಿ ಬರುತ್ತಿದ್ದಾನೆ.

ಚಿಕ್ಕಮ್ಮನ ಕೈ ಮೊರದಲ್ಲೇ ನಿಂತಿತು. "ಬಂದ್ನಾ ಅಣ್ಣಾ?"

ಮಾವ ಚಿತ್ರದ ಮೇಲಿಂದ ಬೆರಳು ತೆಗೆದರು. "ಇಲ್ಲ ತಂಗಿ. ಇವನು ಅವನ ತಮ್ಮ."

"ಸುಳ್ಳು ಮಾವ!" ಎಂದೆ ನಾನು. "ಅದೇ ನೀಲಿ ಅಂಗಿ!"

"ಅಂಗಿ ನೋಡಿ ಇಂಥೋನೇ ಅನ್ನಬ್ಯಾಡ ಕಣಮ್ಮಿ." ಅವರ ದನಿ ಇಳಿದುಹೋಗಿತ್ತು.

ಚಿಕ್ಕಮ್ಮ ಅವರನ್ನೇ ದಿಟ್ಟಿಸಿದರು. "ನೀವು ಬಂದ್ರಲ್ಲ. ಅವರ್ಯಾಕೆ ಬರಲ್ಲ?"

ಮಾವ ಪುಸ್ತಕ ಮುಚ್ಚಿದರು.

ಅಂದಿನಿಂದ ಅವರ ಜಗಲಿಯಲ್ಲಿ ಸತ್ತ ವೀರ ಒಬ್ಬನೂ ಏಳಲಿಲ್ಲ. ಎಲ್ಲರಿಗೂ ತಮ್ಮಂದಿರು ಹುಟ್ಟಿಕೊಂಡರು. ಒಮ್ಮೆ ನಾನೊಬ್ಬಳೇ ಇದ್ದಾಗ ಹೇಳಿದರು: "ಅವನು ಏಳ್ಲಿ ಅಂತ ನಂಗೆ ಆಸೆ ಇಲ್ವಾ? ಆದ್ರೆ ಆಯಮ್ಮ ಬಾಗ್ಲು ತೆರ್ಕೊಂಡೇ ಕುಂತವ್ಳೆ. ಅದು ಕಂಡ್ರೆ ನಂಗೆ ಗಣಿಗಿಂತ ಭಯ."

ಕೆಲವು ವರ್ಷಗಳ ಮೇಲೆ ಎದೆಯಲ್ಲಿ ದೂಳು ಕಟ್ಟಿ, ಕೆಮ್ಮಿ ಕೆಮ್ಮಿ ಮಾವ ಹೋದರು. ಹೆಣ ಎತ್ತುವ ಹೊತ್ತಿಗೆ ಚಿಕ್ಕಮ್ಮ ಅಡ್ಡ ಬಂದರು.

"ಮುಖ ತೋರ್ಸಿ."

"ಹೊತ್ತಾಯ್ತದೆ, ಸುಮ್ಕಿರಮ್ಮ," ಎಂದರು ಯಾರೋ. ಆಕೆ ಕೇಳಲಿಲ್ಲ. ಬಟ್ಟೆ ಸರಿಸಿ, ಹಣೆಯ ನೀಲಿ ಗೆರೆಗಳ ಮೇಲೆ ಬೆರಳಾಡಿಸಿದರು.

"ಇವರೇ," ಎಂದರು. "ಇವರೂ ಇನ್ನು ಬರಲ್ಲ."

ಅಂದು ನಾನು ಸಂಜೆಯ ದೀಪ ಹಚ್ಚುತ್ತಿದ್ದಾಗ ತಡಿಕೆಯ ಆಚೆ ಎಂದೂ ಕೇಳದ ಸದ್ದು ಕೇಳಿತು. ತುಕ್ಕು ಹಿಡಿದ ಚಿಲಕ ಜರುಗಲೊಲ್ಲದು. ಚಿಕ್ಕಮ್ಮ ಗುಂಡುಕಲ್ಲಿನಿಂದ ಅದನ್ನು ಬಡಿಯುತ್ತಿದ್ದರು. ಬಡಿದು, ನಿಲ್ಲಿಸಿ, ಮತ್ತೆ ಬಡಿದು, ಕೊನೆಗೆ ಹಾಕಿಕೊಂಡರು.