ಅಮ್ಮಣ್ಣಿಯ ಅಭಿಪ್ರಾಯ

ಅಮ್ಮಣ್ಣಿಗೆ ಅಭಿಪ್ರಾಯವಿಲ್ಲದ ವಿಷಯವೇ ಇರಲಿಲ್ಲ. ಪೀಣ್ಯದ ಹಿಂದಿನ ಆ ಬಡಾವಣೆಯಲ್ಲಿ ಯಾರ ಮನೆಯ ಸಾರಿಗೆ ಹುಳಿ ಜಾಸ್ತಿ, ಯಾರ ಸೊಸೆ ಒಳಗೊಂದು ಹೊರಗೊಂದು, ಬಸ್ಸು ಎಲ್ಲಿ ನಿಲ್ಲಬೇಕಿತ್ತು, ಮೆಟ್ರೋ ಮೆಟ್ಟಿಲನ್ನು ಯಾವ ಕಡೆಗೆ ಇಳಿಸಬೇಕಿತ್ತು, ಎಲ್ಲಕ್ಕೂ ಅವಳ ಹತ್ತಿರ ಒಂದು ತೀರ್ಪು ಸಿದ್ಧವಾಗಿರುತ್ತಿತ್ತು. ಗಂಡ ರಾಮಪ್ರಸಾದ ಸರ್ಕಾರಿ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ದುಡಿದು ನಿವೃತ್ತನಾದವನು. ಮಾತು ಕಡಿಮೆ, ಹಟ ಜಾಸ್ತಿ. ಅವನು ಏನೇ ಅಂದರೂ ಅವಳ ಮೊದಲ ಮಾತು "ಅಲ್ಲ ಕಣ್ರೀ" ಎಂದೇ. ಮದುವೆಯಾದ ಹೊಸತರಲ್ಲಿ ಅವನಿಗೆ ಇದರಿಂದ ಮೈಯೆಲ್ಲ ಉರಿಯುತ್ತಿತ್ತು. ಆಮೇಲೆ ಅವಳಿಗೆ 'ವಿರೋಧ ಪಕ್ಷ' ಎಂದು ಹೆಸರಿಟ್ಟು ಸ್ನೇಹಿತರ ಮುಂದೆ ನಗತೊಡಗಿದ. ಕೊನೆಗೆ ಅದೂ ಅಭ್ಯಾಸವಾಗಿಹೋಯಿತು.

ಅವಳ ಅಭಿಪ್ರಾಯಗಳಿಗೆ ನಿಜವಾದ ಹಬ್ಬವೆಂದರೆ ಸಂಜೆಯ ಧಾರಾವಾಹಿಗಳು. ಒಬ್ಬಳೇ ಕೂತು ನೋಡಿದರೂ ಗಟ್ಟಿಯಾಗಿಯೇ ಮಾತಾಡುತ್ತಿದ್ದಳು. "ಇವನಿಗೆ ಅಮ್ಮನ ಸೆರಗು ಬಿಡೋಕಾಗಲ್ಲ, ಮದುವೆ ಬೇರೆ ಕೇಡು!" ಎಂದು ನಾಯಕನನ್ನು ಬೈಯುವುದು, ಮರುಕ್ಷಣ ಅತ್ತೆಯ ಪಾತ್ರದವಳಿಗೆ "ಉಟ್ಟಿರೋ ಸೀರೆ ನೋಡು, ಮನಸ್ಸು ನೋಡು" ಎಂದು ಛೀಮಾರಿ ಹಾಕುವುದು. ರಾಮಪ್ರಸಾದ ಪೇಪರು ಹಿಡಿದು ವರಾಂಡಕ್ಕೆ ಹೋಗಿಬಿಡುತ್ತಿದ್ದ. ಅಷ್ಟು ವರ್ಷಗಳಲ್ಲಿ ಅವಳ ಪಕ್ಕ ಕೂತು ಒಂದು ಕಂತನ್ನೂ ಅವನು ಪೂರ್ತಿ ನೋಡಿದವನಲ್ಲ.

ಎರಡು ಸಾವಿರದ ಹದಿನೇಳರ ಬೇಸಿಗೆಯಲ್ಲಿ ಒಂದು ಬೆಳಗ್ಗೆ ಹಾಲು ಕಾಯಿಸುತ್ತಿದ್ದವಳು ಹಾಗೇ ಒಲೆಯ ಮುಂದೆ ಕುಸಿದಳು. ಲಕ್ವ. ಜೀವ ಉಳಿಯಿತು, ಬಲಗೈ ಬಲಗಾಲು ಸ್ವಾಧೀನ ತಪ್ಪಿದವು, ಮಾತು ಹೋಯಿತು. ಮಾತು ಹೋಯಿತು ಎಂದರೆ ಆಡುವುದಷ್ಟೇ ಅಲ್ಲ. ಬೇರೆಯವರು ಆಡಿದ್ದೂ ಅವಳಿಗೆ ಅರ್ಧಂಬರ್ಧ ತಲುಪುತ್ತಿತ್ತು. ನಿಧಾನವಾಗಿ, ಮುಖ ನೋಡಿಕೊಂಡು, ಪುಟ್ಟ ಪುಟ್ಟದಾಗಿ ಹೇಳಿದರೆ ತಿಳಿಯುತ್ತಿತ್ತು. ಇಬ್ಬರು ಮೂವರು ಒಟ್ಟಿಗೆ ಮಾತಾಡಿದರೆ ಎಲ್ಲವೂ ಕಲಸಿಹೋಗುತ್ತಿತ್ತು. ಮಾತಿನ ಚಿಕಿತ್ಸೆ ಕೊಡಲು ಬರುತ್ತಿದ್ದ ಹುಡುಗಿ ರಾಮಪ್ರಸಾದನಿಗೆ ಹೇಳಿದಳು: "ಹೌದು ಅಲ್ಲ ಅನ್ನೋ ಹಾಗೆ ಏನಾದ್ರೂ ಕೇಳ್ತಾ ಇರಿ ಅಂಕಲ್. ಹೌದು ಅನ್ನೋದಕ್ಕೆ ಹೌದು, ಅಲ್ಲ ಅನ್ನೋದಕ್ಕೆ ಅಲ್ಲ ಅಂತ ತೋರಿಸ್ತಿದ್ದಾರೆ ಅಂದ್ರೆ ಒಳಗಡೆ ಆಂಟಿ ಗಟ್ಟಿಯಾಗಿದ್ದಾರೆ ಅಂತ ಅರ್ಥ."

ಕನ್ನಡ ಧಾರಾವಾಹಿ ಹಾಕಿದರೆ ಮಾತ್ರ ಅನರ್ಥವಾಗುತ್ತಿತ್ತು. ಅದೇ ಮನೆ, ಅದೇ ಅತ್ತೆ, ಅದೇ ಸೊಸೆ, ಆದರೆ ಆ ಮಾತಿನ ಓಟ ಹಿಡಿಯಲು ಅವಳಿಗೆ ಆಗುತ್ತಿರಲಿಲ್ಲ. ಅವರ ತುಟಿಗಳನ್ನೇ ಕಣ್ಣು ಕೀಲಿಸಿ ನೋಡುವಳು, ಆಮೇಲೆ ಅಳುವಳು. ಒಂದು ದಿನ ಎಡಗೈಯಲ್ಲಿ ರಿಮೋಟು ಎತ್ತಿ ಎಸೆದಳು. ಅಂದಿನಿಂದ ನಡುಮನೆಯ ಟಿವಿ ಬಾಯಿ ಮುಚ್ಚಿಕೊಂಡಿತು. ಸಂಜೆಯಾದರೆ ಹಿಂದಿನ ಬೀದಿಯ ವರ್ಕ್‌ಶಾಪಿನ ಪವರ್ ಪ್ರೆಸ್ಸಿನ ಸದ್ದೊಂದೇ.

ಮಗಳು ತನ್ಮಯಿಗೆ ಥಾಯ್ ಧಾರಾವಾಹಿಗಳ ಹುಚ್ಚು. ಆಫೀಸಿನ ಗೆಳತಿಯರು ಹಚ್ಚಿದ್ದು. ಥೈಲ್ಯಾಂಡಿನ ಟಿವಿಯಲ್ಲಿ ವಾರಕ್ಕೆ ಎರಡು ಕಂತು ಬರುತ್ತಿದ್ದವು, ಮರುದಿನ ನೆಟ್ಟಿನಲ್ಲಿ ಸಿಗುತ್ತಿದ್ದವು. ಒಂದು ಭಾನುವಾರ ಅಮ್ಮನ ಪಕ್ಕ ಕೂತು ಮೊಬೈಲಿನಲ್ಲಿ ನೋಡುತ್ತಿದ್ದಳು. ಹೂಮಾಲೆ ಕಟ್ಟಿ ಮಾರುವ ಹುಡುಗಿಯೊಬ್ಬಳ ಕೈಯನ್ನು ಸೂಟು ಹಾಕಿದ ಶ್ರೀಮಂತನೊಬ್ಬ ದರದರನೆ ಎಳೆದುಕೊಂಡು ಹೋಗುವ ದೃಶ್ಯ. ಅಮ್ಮಣ್ಣಿ ಕತ್ತು ಚಾಚಿ ನೋಡಿದಳು. ಹುಬ್ಬು ಗಂಟಿಕ್ಕಿದಳು. ಎಡಗೈಯನ್ನು ಗಾಳಿಯಲ್ಲಿ ಒಮ್ಮೆ ಕೊಡವಿದಳು. ಅದು ಅವಳ ಹಳೆಯ "ಹೋಗತ್ಲಾಗೆ!"

"ಅಪ್ಪಾ, ಅಮ್ಮ ಬೈದ್ರು!" ಎಂದು ತನ್ಮಯಿ ಕೂಗಿದಳು. ರಾಮಪ್ರಸಾದ ವರಾಂಡದಿಂದ ಓಡಿಬಂದ. ಲಕ್ವ ಹೊಡೆದ ಮೇಲೆ ಅವಳು ಯಾರನ್ನೂ ಬೈದಿರಲಿಲ್ಲ.

ಅಂದಿನಿಂದ ಅದನ್ನು ದೊಡ್ಡ ಟಿವಿಗೆ ಹಾಕಿ ನೋಡುವುದು ಮನೆಯ ನೇಮವಾಯಿತು. ದೀಪ ಹಚ್ಚಿದ ಮೇಲೆ ಅಮ್ಮಣ್ಣಿಯನ್ನು ದಿಂಬು ಒತ್ತುಕೊಟ್ಟು ಕೂರಿಸುವುದು, ಪಕ್ಕದಲ್ಲಿ ರಾಮಪ್ರಸಾದ, ನೆಲದ ಮೇಲೆ ಬಸಮ್ಮ. ಬಸಮ್ಮ ಹಗಲೆಲ್ಲ ಅಮ್ಮಣ್ಣಿಯನ್ನು ನೋಡಿಕೊಳ್ಳುವವಳು, ರಾಯಚೂರಿನ ಕಡೆಯಿಂದ ಗಂಡನ ಜೊತೆ ಬಂದು ಎರಡು ಬೀದಿ ಆಚೆ ಬಾಡಿಗೆ ರೂಮಿನಲ್ಲಿ ಇದ್ದಳು. ಧಾರಾವಾಹಿ ಇರುವ ದಿನ ಕೆಲಸ ಮುಗಿದರೂ ಮನೆಗೆ ಹೋಗುತ್ತಿರಲಿಲ್ಲ.

ಮೊದಲ ವಾರ ರಾಮಪ್ರಸಾದ ಒಂದು ತಪ್ಪು ಮಾಡಿದ. ಪರದೆಯ ಅಡಿಯಲ್ಲಿ ಇಂಗ್ಲಿಷ್ ಸಾಲುಗಳು ಬರುತ್ತಿದ್ದವು. ಇವನು ಕನ್ನಡಕ ಏರಿಸಿಕೊಂಡು ಒಂದೊಂದನ್ನೂ ಓದಿ ಹೆಂಡತಿಗೆ ಕನ್ನಡದಲ್ಲಿ ಹೇಳತೊಡಗಿದ, ಮಗುವಿಗೆ ಪಾಠ ಹೇಳುವ ಹಾಗೆ. ಅಮ್ಮಣ್ಣಿ ಸ್ವಲ್ಪ ಹೊತ್ತು ಸಹಿಸಿದಳು, ಆಮೇಲೆ ಮುಖ ತಿರುಗಿಸಿ ಗೋಡೆ ನೋಡುತ್ತ ಕೂತಳು. ಟಿವಿಯ ವಿಷಯದಲ್ಲಿ ಈ ಗಂಡ ತನಗೆ ಹೇಳಿಕೊಡುವುದೇ? ರಾಮಪ್ರಸಾದನಿಗೆ ತಿಳಿಯಲು ಎರಡು ದಿನ ಹಿಡಿಯಿತು. ತಿಳಿದ ಮೇಲೆ ಉಪಕರಣಗಳ ಪೆಟ್ಟಿಗೆಯಿಂದ ಸ್ಕೇಲು ತಂದ, ಅಳತೆ ಮಾಡಿದ, ವೈರಿಗೆ ಸುತ್ತುವ ಕಪ್ಪು ಟೇಪನ್ನು ಪರದೆಯ ಅಡಿಯುದ್ದಕ್ಕೂ ಸೊಟ್ಟಗಾಗದಂತೆ ಅಂಟಿಸಿದ. ಇನ್ನು ಆ ನಡುಮನೆಯಲ್ಲಿ ಯಾರಿಗೂ ಒಂದು ಮಾತೂ ತಿಳಿಯುವ ಹಾಗಿರಲಿಲ್ಲ. ಎಲ್ಲರೂ ಅಮ್ಮಣ್ಣಿಯ ಸಮ.

ಸಮವೂ ಅಲ್ಲ, ಅಮ್ಮಣ್ಣಿಯೇ ಒಂದು ಕೈ ಮೇಲೆ. ಜೀವಮಾನವೆಲ್ಲ ಧಾರಾವಾಹಿ ನೋಡಿದವಳು! ಮುಖ ನೋಡಿದರೆ ಸಾಕು, ಯಾರು ಸುಳ್ಳು ಹೇಳುತ್ತಿದ್ದಾರೆ, ಯಾರ ಹೊಟ್ಟೆಯಲ್ಲಿ ವಿಷವಿದೆ ಎಂದು ಅವಳಿಗೆ ತಿಳಿದುಬಿಡುತ್ತಿತ್ತು. ಆ ಜನರ ಹೆಸರುಗಳು ಇವರ ನಾಲಿಗೆಗೆ ಹತ್ತುತ್ತಿರಲಿಲ್ಲ, ತಮ್ಮದೇ ಹೆಸರಿಟ್ಟುಕೊಂಡರು. ಶ್ರೀಮಂತ ಗಂಟುಮೋರೆ. ಹೂವಿನವಳು ಮಲ್ಲಿಗೆ ಹುಡುಗಿ. ಅವಳ ಮೇಲೆ ಹಗೆ ಸಾಧಿಸುವವಳು ಕೆಂಪು ಕಾರಿನವಳು. ಮಲ್ಲಿಗೆ ಹುಡುಗಿಯನ್ನು ಮನಸ್ಸಿನಲ್ಲೇ ಪ್ರೀತಿಸುತ್ತ ದೂರ ನಿಲ್ಲುವ ಡಾಕ್ಟರೊಬ್ಬನೂ ಇದ್ದ.

"ಯಮ್ಮಾ, ಆ ಡಾಕ್ಟರ್ ಎಷ್ಟ ಚಂದ ಅದಾನ ನೋಡ್ರಿ," ಬಸಮ್ಮ ಕೊರಗುತ್ತಿದ್ದಳು. "ಇಂಥವನ್ನ ಬಿಟ್ಟು ಆ ಸಿಡುಕ ಮಾರಿಯವನ್ನ ಹೆಂಗ ಮದಿವಿ ಆಗ್ತಾಳ್ರೀ ಈಕಿ?"

ಅಮ್ಮಣ್ಣಿಗೂ ಡಾಕ್ಟರೇ ಇಷ್ಟ. ಅವನು ಬಂದಾಗಲೆಲ್ಲ ಎಡಗೈ ಬೆರಳುಗಳನ್ನು ತನ್ನ ಕಣತಲೆಗೆ ಒತ್ತಿ ದೃಷ್ಟಿ ತೆಗೆಯುತ್ತಿದ್ದಳು. ಗಂಟುಮೋರೆ ಒಂದು ಕಂತಿನಲ್ಲಿ ಮಳೆಯಲ್ಲಿ ಮಂಡಿಯೂರಿ ಅತ್ತ, ಮಲ್ಲಿಗೆ ಹುಡುಗಿ ಕರಗಿ ಅವನನ್ನು ಅಪ್ಪಿಕೊಂಡಳು, ಬಸಮ್ಮ ಮೂಗೊರೆಸಿಕೊಂಡಳು. ಅಮ್ಮಣ್ಣಿ ಮಾತ್ರ ಕಣ್ಣು ಮುಚ್ಚಿ ಕೂತಳು. ಇಷ್ಟು ಬೇಗ ಕ್ಷಮಿಸುವುದೇ! ಆ ಕಂತು ಮುಗಿಯುವವರೆಗೂ ಕಣ್ಣು ತೆರೆಯಲಿಲ್ಲ.

ರಾಮಪ್ರಸಾದನಿಗೆ ಈ ವಿದ್ಯೆ ಒಂದಿಷ್ಟೂ ಇರಲಿಲ್ಲ. "ಆ ಬಿಳಿ ಬಟ್ಟೆ ಮುದುಕಿ ಹುಡುಗನ ತಾಯಿ ಇರ್ಬೇಕು ಕಣೆ" ಎನ್ನುವನು. ಅಮ್ಮಣ್ಣಿ ಅವನ ಮಣಿಕಟ್ಟಿನ ಮೇಲೆ ಎರಡು ಬೆರಳಿನಿಂದ ಟಪ್ಪೆಂದು ಹೊಡೆಯುವಳು. ಅಲ್ಲ ಎಂದು ಅರ್ಥ. ಆಮೇಲೆ ತನ್ಮಯಿ ಮೊಬೈಲಿನಲ್ಲಿ ಹುಡುಕಿ ನೋಡಿದರೆ ಅವಳು ಸಾಕಿದ ದಾದಿ. "ಅಮ್ಮಂದೇ ಸರಿ!" ಎಂದು ತನ್ಮಯಿ ಚಪ್ಪಾಳೆ ತಟ್ಟುವಳು. ಅಮ್ಮಣ್ಣಿಯ ಸೊಟ್ಟಗಾದ ತುಟಿಯಲ್ಲಿ ಒಂದು ನಗು ಬರುತ್ತಿತ್ತು. ಆ ನಗುವಿಗಾಗಿ ರಾಮಪ್ರಸಾದ ದಿನಕ್ಕೆ ಹತ್ತು ಸಲ ಸೋಲಲು ತಯಾರಿದ್ದ. ಅಷ್ಟು ವರ್ಷ ವರಾಂಡದಲ್ಲಿ ಕೂತು ಕಳೆದೆನಲ್ಲ ಎಂದು ಆಗಾಗ ಅಂದುಕೊಳ್ಳುತ್ತಿದ್ದ.

ಆ ದೇಶದ ಹೆಂಗಸರು ಮಾತಿನ ಕೊನೆಗೆ 'ಖಾ' ಎಂದು ರಾಗ ಎಳೆಯುತ್ತಾರೆ. ಒಂದು ಸಂಜೆ ಮಲ್ಲಿಗೆ ಹುಡುಗಿ ಕೈಮುಗಿದು 'ಖಾ' ಎಂದಾಗ ಅಮ್ಮಣ್ಣಿಯೂ ಸ್ಪಷ್ಟವಾಗಿ "ಖಾ" ಎಂದಳು. ತನ್ಮಯಿ ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಮೂವರೂ ಸೇರಿ ಅವಳನ್ನು ಇನ್ನೊಮ್ಮೆ, ಇನ್ನೊಮ್ಮೆ ಎಂದು ಪೀಡಿಸಿದರು. ಚಿಕಿತ್ಸೆಯ ಹುಡುಗಿಗೆ ಹೇಳಿದರೆ ಅವಳು ತಲೆತಗ್ಗಿಸಿ, "ಅದು ಹಾಡಿನ ಥರ ತಾನಾಗೇ ಬರುತ್ತೆ ಅಂಕಲ್, ಅದನ್ನ ಮಾತು ಅಂದ್ಕೋಬೇಡಿ" ಎಂದಳು. ಮತ್ತೆ ಅದು ಬರಲೂ ಇಲ್ಲ.

ದೀಪಾವಳಿ ಕಳೆದ ಮೇಲೆ ಒಂದು ದಿನ ಅಮ್ಮಣ್ಣಿ ಮಧ್ಯಾಹ್ನವೆಲ್ಲ ನಿದ್ದೆಗಣ್ಣಿನಲ್ಲೇ ಇದ್ದಳು. ಆಸ್ಪತ್ರೆಗೆ ಕರೆದೊಯ್ದರು. ಸ್ಕ್ಯಾನು ನೋಡಿದ ಡಾಕ್ಟರು ರಾಮಪ್ರಸಾದನನ್ನು ಹೊರಗೆ ಕರೆದರು. "ಚಿಕ್ಕ ಚಿಕ್ಕ ಸ್ಟ್ರೋಕ್ ಆಗ್ತಾನೇ ಇರುತ್ತೆ ಸಾರ್. ನಿಮಗೆ ಗೊತ್ತಾಗೋದೂ ಇಲ್ಲ. ಪ್ರತಿ ಸಲ ಸ್ವಲ್ಪ ಸ್ವಲ್ಪ ಹೋಗುತ್ತೆ. ಹೋಗಿದ್ದು ವಾಪಸ್ ಬರಲ್ಲ."

ಮನೆಗೆ ಬಂದ ಮೇಲೆ ರಾಮಪ್ರಸಾದ ಹೊಸದೊಂದು ಆಟ ಶುರುಮಾಡಿದ. ಧಾರಾವಾಹಿ ಇಲ್ಲದ ದಿನವೂ ಬೇಕೆಂದೇ ತಪ್ಪು ಅಭಿಪ್ರಾಯ ಹೇಳತೊಡಗಿದ. "ಕೆಂಪು ಕಾರಿನವಳು ಪಾಪದವಳು ಕಣೆ" ಎನ್ನುವುದು. ಟಪ್! "ಡಾಕ್ಟರ್ ಮಹಾ ಕಳ್ಳ, ಮುಖದ ಮೇಲೇ ಬರೆದಿದೆ." ಟಪ್! ಪೆಟ್ಟು ಬಿದ್ದರೆ ಆ ರಾತ್ರಿ ಅವನಿಗೆ ನಿದ್ದೆ ಬರುತ್ತಿತ್ತು. ಒಳಗಿದ್ದಾಳೆ, ಇನ್ನೂ ಇದ್ದಾಳೆ, ನನ್ನ ಮಾತು ಒಪ್ಪುತ್ತಿಲ್ಲ. ಟೂಲ್ ರೂಮಿನಲ್ಲಿ ಓಡುವ ಮೆಷಿನ್ನಿಗೆ ಕಿವಿಕೊಟ್ಟು ಬೇರಿಂಗು ಸರಿಯಿದೆಯೇ ಎಂದು ಪರೀಕ್ಷಿಸಿದಂತೆ ಅವನು ದಿನಾ ಪರೀಕ್ಷಿಸುತ್ತಿದ್ದ. ತನ್ಮಯಿಗೆ ಇದು ತಿಳಿಯಲಿಲ್ಲ. "ಅಮ್ಮನ್ನ ಯಾಕಪ್ಪ ರೇಗಿಸ್ತೀಯಾ, ಸುಮ್ನಿರಬಾರ್ದಾ?" ಎಂದು ಗದರಿದಳು.

ಬರಬರುತ್ತ ಪೆಟ್ಟು ತಡವಾಗತೊಡಗಿತು. ಅವನು ಹೇಳಿದ ಮೇಲೆ ಅವಳು ಸ್ವಲ್ಪ ಹೊತ್ತು ಅವನ ಮುಖವನ್ನೇ ನೋಡುವಳು, ಆಮೇಲೆ ಬೆರಳು ಏಳುವುದು, ಮಣಿಕಟ್ಟಿನ ಮೇಲೆ ಸುಮ್ಮನೆ ಇಳಿಯುವುದು. ಕೆಲವು ಸಲ ಏಳುತ್ತಲೇ ಇರಲಿಲ್ಲ. ಅವನು ಅದಕ್ಕೂ ಏನಾದರೊಂದು ಕಾರಣ ಹುಡುಕುತ್ತಿದ್ದ. ಇವತ್ತು ಚಳಿ ಜಾಸ್ತಿ, ಇವತ್ತು ನಿದ್ದೆ ಸಾಲದು, ಇವತ್ತು ನಾನು ಹೇಳಿದ್ದು ಅಷ್ಟು ದೊಡ್ಡ ತಪ್ಪಲ್ಲ. ಹಾಗಾಗಿ ದಿನದಿನಕ್ಕೂ ಇನ್ನೂ ದೊಡ್ಡ ತಪ್ಪು ಹೇಳಬೇಕಾಗುತ್ತಿತ್ತು. ಬಸಮ್ಮ ಒಮ್ಮೆ ಸೆರಗು ಬಾಯಿಗೆ ಒತ್ತಿಕೊಂಡು, "ಯಜಮಾನ್ರ, ಅಮ್ಮಾರು ಈಗ ಡಾಕ್ಟರ್ ಬಂದ್ರೂ ದೃಷ್ಟಿ ತಗಿವಲ್ರು" ಎಂದಳು. ಅವನು ಅವಳ ಮೇಲೆ ಸುಮ್ಮಸುಮ್ಮನೆ ಕೂಗಾಡಿಬಿಟ್ಟ.

ಆ ಧಾರಾವಾಹಿಯ ಕೊನೆಯ ಕಂತು ಬಂತು. ತನ್ಮಯಿ ಹಾಕಿಕೊಟ್ಟು ಒಳಗೆ ಒಗ್ಗರಣೆಗೆ ಹೋದಳು. ಬಸಮ್ಮ ಮಗುವಿಗೆ ಜ್ವರವೆಂದು ಬಂದಿರಲಿಲ್ಲ. ಗಂಡ ಹೆಂಡಿರು ಇಬ್ಬರೇ. ಪರದೆಯಲ್ಲಿ ಕೆಂಪು ಕಾರಿನವಳು ಮಲ್ಲಿಗೆ ಹುಡುಗಿಯನ್ನು ದೋಣಿಯ ಮೇಲಿನಿಂದ ನದಿಗೆ ನೂಕಿದಳು. ಹುಡುಗಿ ಮುಳುಗುತ್ತ ಏಳುತ್ತ ಕೈ ಎತ್ತಿ ಕಿರುಚುತ್ತಿದ್ದಳು. ರಾಮಪ್ರಸಾದ ಹೆಂಡತಿಯ ಎಡಗೈಯ ಪಕ್ಕಕ್ಕೇ ತನ್ನ ಮಣಿಕಟ್ಟನ್ನು ತಂದಿಟ್ಟ.

"ಸರಿಯಾಗಿ ಮಾಡಿದ್ಲು ಕಣೆ," ಎಂದ. "ಆ ಮಲ್ಲಿಗೆ ಹುಡುಗಿ ಮಹಾ ಕೆಟ್ಟವಳು. ನೀರಿಗೆ ನೂಕಿದ್ದೇ ಸರಿ. ಅಲ್ವೇನೆ?"

ಅಮ್ಮಣ್ಣಿ ಪರದೆಯಿಂದ ಕಣ್ಣು ತೆಗೆದು ಅವನ ಕಡೆ ತಿರುಗಿದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಗೊಂದಲವೂ ಇರಲಿಲ್ಲ. ತುಂಬ ಸಮಾಧಾನವಾಗಿ ಹೌದೆಂದು ತಲೆಯಾಡಿಸಿದಳು.

"ಅಲ್ಲ ಅಂತಾನಾ? ಸರಿಯಾಗಿ ಕೇಳಿಸ್ಕೋ," ಎಂದು ಅವಳ ಮುಖಕ್ಕೆ ಮುಖವಿಟ್ಟು ನಿಧಾನವಾಗಿ ಕೇಳಿದ. "ಬಸಮ್ಮ ಮಾಡೋ ಸಾರು ನಿನ್ನ ಸಾರಿಗಿಂತ ಚೆನ್ನಾಗಿದೆ. ಹೌದಾ?"

ಅವಳು ಹೌದೆಂದು ತಲೆಯಾಡಿಸಿದಳು.

"ಅಮ್ಮಣ್ಣೀ, ನಾನು ಯಾರು ಅಂತ ಗೊತ್ತಾ?"

ಹೌದು.

ಅವನು ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಾಗಲಿಲ್ಲ. ಅವಳ ಎಡಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೇಳಿದ: "ನಾನು ಯಾರು ಅಂತ ನಿನಗೆ ಗೊತ್ತಿಲ್ಲ. ಅಲ್ವಾ?"

ಅಮ್ಮಣ್ಣಿ ಅವನನ್ನು ನೋಡುತ್ತ, ಮೊದಲಿನಷ್ಟೇ ಸಮಾಧಾನವಾಗಿ, ಹೌದೆಂದು ತಲೆಯಾಡಿಸಿದಳು.

ಪರದೆಯಲ್ಲಿ ಯಾರೋ ಹುಡುಗಿಯನ್ನು ದಡಕ್ಕೆ ಎಳೆದರು. ಗಂಟುಮೋರೆಯೋ ಡಾಕ್ಟರೋ ರಾಮಪ್ರಸಾದ ನೋಡಲಿಲ್ಲ. ಮದುವೆಯ ಊಟ, ಹೂವು, ಹಾಡು ಎಲ್ಲ ಆಗಿ ಹೆಸರುಗಳು ಓಡತೊಡಗಿದಾಗಲೂ ಅವಳ ಕೈ ಹಿಡಿದೇ ಕೂತಿದ್ದ. ಆ ಕೈ ಹಿಡಿಸಿಕೊಂಡಲ್ಲೇ ಇತ್ತು, ಬಿಡಿಸಿಕೊಳ್ಳಲೂ ಇಲ್ಲ, ಹಿಡಿದುಕೊಳ್ಳಲೂ ಇಲ್ಲ.

ತನ್ಮಯಿ ಕೈ ಒರೆಸಿಕೊಳ್ಳುತ್ತ ಬಂದಳು. "ಮುಗೀತಾ? ಅಮ್ಮ ಏನಂದ್ರು? ಹೊಸದು ಎರಡು ಶುರುವಾಗಿದೆ ಅಪ್ಪಾ. ಒಂದರಲ್ಲಿ ಹಳ್ಳಿ ಕಥೆ, ಇನ್ನೊಂದು ಅರಮನೇದು. ಅಮ್ಮಂಗೆ ಯಾವುದು ಹಾಕ್ಲಿ?"

"ಯಾವುದಾದ್ರೂ ಹಾಕು," ಎಂದ ರಾಮಪ್ರಸಾದ. "ನಿಮ್ಮಮ್ಮಂಗೆ ಯಾವುದಾದ್ರೂ ಆಗುತ್ತೆ."