ಕೊನೆಯ ರೇಡಿಗೆ ಹಾಡು ಬೇಕೇ?

ಮೊನ್ನೆ ಸಂಜೆ ಕಲಬುರಗಿಯ ಸೂಪರ್ ಮಾರ್ಕೆಟ್ ಬೀದಿಯಲ್ಲಿ ತಳ್ಳುಗಾಡಿಯವನೊಬ್ಬ ಕೆಂಪು ಬಾಳೆಹಣ್ಣು ಹೇರಿಕೊಂಡು ನಿಂತಿದ್ದ. ಕಮಲಾಪುರದ್ದೇ ಎಂದು ಆಣೆ ಮಾಡಿ ಹೇಳಿದ. ನಾನು ಕಮಲಾಪುರದವಳು; ಆಣೆ ಬೇಕಿರಲಿಲ್ಲ, ವಾಸನೆ ಸಾಕಿತ್ತು. ಸ್ವಲ್ಪ ಹೆಚ್ಚೇ ಮಾಗಿದ ಕೆಂಪು ಬಾಳೆಯ ಘಮ ಮೂಗಿಗೆ ಬಡಿದರೆ ನನಗೆ ಬೆವರು, ಮಣ್ಣು, ಸುಣ್ಣದ ಪುಡಿ ಎಲ್ಲ ಒಟ್ಟಿಗೇ ನೆನಪಾಗುತ್ತವೆ. ಆಮೇಲೆ ನಮ್ಮ ಡ್ರಿಲ್ ಟೀಚರು… ಆಟ ಮುಗಿದ ಮೇಲೆ ನಮಗೆಲ್ಲ ಆ ಹಣ್ಣು ಹಂಚುತ್ತಿದ್ದರು, ತಾವು ಮಾತ್ರ ಮುಟ್ಟುತ್ತಿರಲಿಲ್ಲ. ಯಾಕೆಂದು ಕೇಳಿದರೆ ನಾನೆಲ್ಲಿ ಆಡಿದ್ದೇನೆ ಅನ್ನುತ್ತಿದ್ದರು.

ಎತ್ತರದ ಹೆಂಗಸು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾಲಿಗೆ ಬಿಳಿ ಕ್ಯಾನ್ವಾಸ್ ಬೂಟು ಹಾಕಿ, ಕೊರಳಲ್ಲಿ ಸೀಟಿ ಇಳಿಬಿಟ್ಟು ನಡೆದು ಬಂದರೆ ಹೆಡ್‌ಮಾಸ್ತರರೂ ಅರ್ಧ ಹೆಜ್ಜೆ ಪಕ್ಕಕ್ಕೆ ಸರಿಯುತ್ತಿದ್ದರು. ಕಲಬುರಗಿಯ ಐವಾನ್-ಎ-ಶಾಹಿ ಕಡೆಯ ಹಳೆಯ ವೈಷ್ಣವರ ಮನೆತನ ಅವರದು. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ, ಸಿಟ್ಟು ಬಂದಾಗ ಎರಡೂ. ಅಣ್ಣಂದಿರೆಲ್ಲ ಕಚೇರಿ, ಪೂಜೆ ಪೌರೋಹಿತ್ಯ ಎಂದು ನೆರಳಲ್ಲಿ ಕುಳಿತಿದ್ದರೆ ಇವರೊಬ್ಬರು ಬಿಸಿಲು ಹುಡುಕಿಕೊಂಡು ದಿನಾ ಬಸ್ಸಿನಲ್ಲಿ ನಮ್ಮೂರಿಗೆ ಬರುತ್ತಿದ್ದರು. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕಬಡ್ಡಿ ಟೀಮು ಕಟ್ಟಿದ್ದು ಅವರೇ. ಮನೆಮನೆಗೆ ಹೋಗಿ, ಚಹಾ ಕುಡಿದು, ಅವ್ವಂದಿರ ಜೊತೆ ಉಪ್ಪಿನಕಾಯಿಯ ಮಾತಾಡಿ, ಏಳುವಾಗ ಹುಡುಗಿಯನ್ನು ಕೇಳಿ ಪಡೆದು ತಂದ ಟೀಮು ಅದು.

ತೊಂಬತ್ತರ ದಶಕದ ಮಾತು. ಸಿನಿಮಾಕ್ಕಿಂತ ಮೊದಲು ಕ್ಯಾಸೆಟ್ ಬರುತ್ತಿದ್ದ ಕಾಲ. ಕಬಡ್ಡಿ ಆಡುವ ಹಳ್ಳಿ ಹುಡುಗಿ, ಅವಳಿಗೆ ಆಟ ಕಲಿಸುವ ಹೀರೋ, ಹೀಗೊಂದು ಸಿನಿಮಾದ ಕ್ಯಾಸೆಟ್ ಗುಲಬರ್ಗಾದ, ಅಂದರೆ ಈಗಿನ ಕಲಬುರಗಿಯ, ಅಂಗಡಿಗೆ ಬಂದ ದಿನವೇ ನಮ್ಮಪ್ಪ ಹೋಗಿ ತಂದ. ಕಮಲಾಪುರದ ಬಸ್‌ಸ್ಟ್ಯಾಂಡಿನ ಎದುರು ಅಪ್ಪನದು ಅರಿವೆ ಅಂಗಡಿ. ಆ ಹೀರೋ ಅಂದರೆ ಅಪ್ಪನಿಗೆ ಪ್ರಾಣ. ಕೌಂಟರಿನ ಮೇಲೆ ಟೇಪ್ ರೆಕಾರ್ಡರ್ ಇಟ್ಟು ಹಾಡು ಹಚ್ಚಿದನೆಂದರೆ ಅರಿವೆ ಕೊಳ್ಳುವವರಿಗಿಂತ ಹಾಡು ಕೇಳುವವರೇ ಹೆಚ್ಚು ಸೇರುತ್ತಿದ್ದರು. ಹಾಡು ಕೇಳಿಯೇ ಕಥೆ ಕಟ್ಟುವ ಜನ. ಬಿ ಸೈಡಿನ ದುಃಖದ ಹಾಡು ಕೇಳಿ, ಹೀರೋ ಸಾಯುವುದು ಖಾತ್ರಿ ಎಂದು ಎದುರಿನ ಹೋಟೆಲಿನವರು ತೀರ್ಪು ಕೊಟ್ಟುಬಿಟ್ಟರು. ಅಪ್ಪ ಅವರ ಜೊತೆ ಮಾತು ಬಿಟ್ಟ, ಸಿನಿಮಾ ಬರುವ ತನಕ.

ಸಿನಿಮಾ ಬಂತು, ಹೀರೋ ಸಾಯಲಿಲ್ಲ, ಅಪ್ಪ ಹೋಟೆಲಿಗೆ ಹೋಗಿ ಎದೆ ಉಬ್ಬಿಸಿ ಚಹಾ ಕುಡಿದ. ಟೀಚರು ನಮ್ಮ ಟೀಮನ್ನೆಲ್ಲ ಗುಲಬರ್ಗಾಕ್ಕೆ ಕರೆದೊಯ್ದು ಸಿನಿಮಾ ತೋರಿಸಿದರು. ಅದರಲ್ಲೊಂದು ಹಾಡು, ‘ಕಬಡ್ಡಿ ಕಬಡ್ಡಿ’ ಅನ್ನುವುದೇ ಅದರ ಪಲ್ಲವಿ. ಮೊದಲ ಸಲ ಹೀರೋ ಹೀರೋಯಿನ್ ಕಬ್ಬಿನ ಗದ್ದೆಯಲ್ಲಿ ಒಬ್ಬರನ್ನೊಬ್ಬರು ಹಿಡಿಯುತ್ತ ಹಾಡುತ್ತಾರೆ. ಎರಡನೆಯ ಸಲ, ಫೈನಲ್ ಪಂದ್ಯದ ಕೊನೆಯ ರೇಡಿನಲ್ಲಿ ಅದೇ ಹಾಡು ಡೊಳ್ಳು ಕಹಳೆಯೊಂದಿಗೆ ಬರುತ್ತದೆ. ಊರಲ್ಲಿ ಜಗಳ ಶುರುವಾದದ್ದು ಈ ಎರಡನೆಯದರ ಮೇಲೆ.

ಟೀಚರು ಸಂಜೆಯ ಬಸ್ಸಿಗೆ ಕಾಯುತ್ತ ನಮ್ಮ ಅಂಗಡಿಯ ಕಟ್ಟೆಯ ಮೇಲೆ ಕೂರುತ್ತಿದ್ದರು. ಅಲ್ಲಿಂದಲೇ ವಾದ. ಹಾಡು ಒಳ್ಳೆಯದೇ, ಆದರೆ ಲೆಕ್ಕದ ಪ್ರಕಾರ ಹೀರೋಯಿನ್ ಔಟು ಎಂದು ಅವರ ಮಾತು. ರೇಡಿಗೆ ಹೋದವಳ ಬಾಯಿಂದ ‘ಕಬಡ್ಡಿ ಕಬಡ್ಡಿ’ ಒಂದೇ ಉಸಿರಿನಲ್ಲಿ ಅಂಪೈರಿಗೆ ಕೇಳುತ್ತಿರಬೇಕು, ಇಲ್ಲಿ ಡೊಳ್ಳಿನ ಸದ್ದಿನಲ್ಲಿ ಅವಳ ದನಿ ಎಲ್ಲಿದೆ? ಅಪ್ಪನಿಗೆ ಇದು ತನ್ನನ್ನೇ ಬೈದಂತೆ.

"ಟೀಚರ್, ಹಾಡ ತಗದ್ರ ನೋಡೋರ ಮೈಯಾಗ ರಕ್ತ ಕುದಿಯೋದು ಹ್ಯಾಂಗ್ರಿ?"

"ನೋಡೋರದು ಬಿಡ್ರಿ ಸಾವಕಾರ್ರೆ. ಆಡಾಕಿ ಕಿವ್ಯಾಗ ಯಾವ ಹಾಡೂ ಇರಂಗಿಲ್ಲ."

ಬಸ್ಸು ಬಂದರೂ ವಾದ ಮುಗಿಯುತ್ತಿರಲಿಲ್ಲ. ಕಿಟಕಿಯಿಂದ ಅವರದೊಂದು ಮಾತು, ಮೆಟ್ಟಿಲಿನಿಂದ ಅಪ್ಪನದೊಂದು ಮಾತು. ನನಗೆ ಆ ಹಾಡೆಂದರೆ ಹುಚ್ಚು. ಆದರೆ ಟೀಚರೆಂದರೆ ಅದಕ್ಕಿಂತ ದೊಡ್ಡ ಹುಚ್ಚು, ಹೀಗಾಗಿ ಬಾಯಿ ಮುಚ್ಚಿಕೊಂಡು ಅರಿವೆ ಮಡಚುತ್ತಿದ್ದೆ.

ಇಲ್ಲಿಯ ತನಕ ಎಲ್ಲ ನಗೆಚಾಟಿಕೆ. ಆಮೇಲೆ ನಡೆದದ್ದು ಬೇರೆ. ಮೈದಾನದ ಗೋಡೆಯ ಮೇಲೆ ಹುಡುಗರು ಸಾಲಾಗಿ ಕೂರತೊಡಗಿದರು. ನಾವು ರೇಡಿಗೆ ಹೋಗಿ ‘ಕಬಡ್ಡಿ’ ಅಂದರೆ ಸಾಕು, ಗೋಡೆಯಿಂದ ಅದೇ ಮಾತು ಕಬ್ಬಿನ ಗದ್ದೆಯ ರಾಗದಲ್ಲಿ ಬರುತ್ತಿತ್ತು. ನೀರಿಗೆ ಹೋದರೂ ಅದೇ, ಗಿರಣಿಗೆ ಹೋದರೂ ಅದೇ. ನಮ್ಮ ಆಟದ ಮಾತನ್ನು ನಾವೇ ಆಡಲು ನಾಚುವಂತಾಯಿತು. ನನ್ನ ದನಿ ಗಂಟಲಿನಲ್ಲೇ ಉಳಿಯತೊಡಗಿತು, ಟೀಚರು ಮತ್ತೆ ಮತ್ತೆ ಔಟು ಕೊಡತೊಡಗಿದರು. ಇಬ್ಬರು ಹುಡುಗಿಯರು ಬರುವುದನ್ನೇ ಬಿಟ್ಟರು. ವಿಭಾಗ ಮಟ್ಟದ ಪಂದ್ಯಕ್ಕೆ ಗುಲಬರ್ಗಾಕ್ಕೆ ಹೋಗುವ ದಿನ ಹತ್ತಿರ ಬರುತ್ತಿತ್ತು. ಒಂದು ದಿನ ಅಂಗಡಿಯ ಮುಂದೆಯೇ ಯಾವನೋ ನನ್ನನ್ನು ನೋಡಿ ಆ ಸಾಲು ಹಾಡಿದ. ಟೇಪಿನಲ್ಲಿ ಅದೇ ಹಾಡು ಹಚ್ಚಿಕೊಂಡು ಕುಳಿತಿದ್ದ ಅಪ್ಪ ಎದ್ದು ಬಂದು, ಇನ್ನು ನನಗೆ ಆಟ ಬೇಡ, ಪುಸ್ತಕ ಹಿಡಿದು ಮನೆಯಲ್ಲಿ ಕೂರಬೇಕು ಎಂದ. ನಾನು ಆ ರಾತ್ರಿ ಊಟ ಮಾಡಲಿಲ್ಲ. ಅಪ್ಪನೂ ಮಾಡಲಿಲ್ಲ.

ಮರುದಿನ ಟೀಚರು ಅಂಗಡಿಗೆ ಬಂದರು. ಜಗಳವಾಡುತ್ತಾರೆ ಅಂದುಕೊಂಡೆ. ನನ್ನ ಸುದ್ದಿಯನ್ನೇ ಎತ್ತಲಿಲ್ಲ. ಕ್ಯಾಸೆಟ್ ಕೇಳಿದರು. ಡ್ರಿಲ್ಲಿಗೆ ಒಂದು ಹಾಡು ಬೇಕಾಗಿದೆ, ಊರಲ್ಲಿ ಈ ಹಾಡಿನ ಬೆಲೆ ತಿಳಿದವರು ನೀವೊಬ್ಬರೇ, ಟೇಪನ್ನೂ ಕೊಟ್ಟರೆ ಒಳ್ಳೆಯದು, ಮಗಳ ಕೈಯಲ್ಲಿ ಕಳಿಸಿ ಎಂದರು. ಅಪ್ಪ ಪೇಚಿಗೆ ಸಿಕ್ಕ. ಆ ಹಾಡು ಕೇಳುತ್ತೇನೆ ಎಂದು ಬಂದವರಿಗೆ ಇಲ್ಲವೆನ್ನುವುದು ಅವನ ಜಾಯಮಾನವಲ್ಲ. ಆದರೆ ಟೇಪ್ ರೆಕಾರ್ಡರನ್ನು ನನ್ನ ಕೈಗೆ ಕೊಡುವುದೂ ಅವನಿಂದಾಗದ ಮಾತು. ಕೊನೆಗೆ, ರೀಲು ಸಿಕ್ಕಿಹಾಕಿಕೊಂಡರೆ ಬಿಡಿಸಲು ಯಾರಿಗೂ ಬರುವುದಿಲ್ಲ, ತಾನೇ ತರುತ್ತೇನೆ ಎಂದ. ಅವರಿಗೆ ಬೇಕಾಗಿದ್ದದ್ದೂ ಅದೇ ಎಂದು ನನಗೆ ಅನ್ನಿಸುವುದು ಈಗ… ಆಗ ತಿಳಿಯಲಿಲ್ಲ.

ಸಂಜೆ ಅಪ್ಪ ಮೈದಾನದ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು, ಧ್ವಜವಂದನೆಗೆ ಬಳಸುವ ಶಾಲೆಯ ಮೈಕನ್ನು ಟೇಪಿನ ಮುಂದಿಟ್ಟು, ರೀಲು ಸುತ್ತಲು ಕೈಯಲ್ಲಿ ಪೆನ್ಸಿಲು ಹಿಡಿದು ಕುಳಿತ. ಹಾಡು ಊರಿಗೆಲ್ಲ ಕೇಳುವಂತೆ ಹೊರಟಿತು. ಟೀಚರು ಲೌಡ್‌ಸ್ಪೀಕರಿನ ಬುಡದಲ್ಲೇ ನಿಂತು ಹೊಸ ನಿಯಮ ಸಾರಿದರು: ಹಾಡಿನ ಮೇಲೆ ಯಾರ ದನಿ ತಮಗೆ ಕೇಳುವುದಿಲ್ಲವೋ ಅವರು ಔಟು. ಆಮೇಲೆ ನನ್ನ ಕಡೆ ತಿರುಗಿ ಏನೂ ಆಗಿಲ್ಲವೆಂಬಂತೆ, ಆಳು ಕಡಿಮೆ ಇದ್ದಾರೆ, ನೀನೂ ನಿಂತುಕೋ ಎಂದರು. ಅಪ್ಪನ ಮುಖ ನೋಡಿದೆ. ಅಪ್ಪ ರೀಲಿನ ಮುಖ ನೋಡುತ್ತಿದ್ದ.

ಮೊದಲ ದಿನ ಗೋಡೆಯ ಮೇಲಿನವರಿಗೆ ಹಬ್ಬ. ಆದರೆ ಹಾಡು ಮುಗಿದ ಕೂಡಲೇ ಅಪ್ಪ ಹಿಂದಕ್ಕೆ ಸುತ್ತಿ ಮತ್ತೆ ಹಚ್ಚುತ್ತಿದ್ದ. ಮತ್ತೆ, ಮತ್ತೆ. ದಿನಾ ಸಂಜೆ ಅದೇ. ಡ್ರಿಲ್ ಟೀಚರು ಸೀಟಿ ಹೊಡೆದು ಹಾಡಿಸುವ ಹಾಡನ್ನು ಬೀದಿಯಲ್ಲಿ ಹಾಡುವ ಉಮೇದು ಯಾವ ಹುಡುಗನಿಗೆ ಉಳಿದೀತು? ಅದು ಪಾಠದ ಪದ್ಯವಾಗಿ ಹೋಯಿತು. ಒಬ್ಬೊಬ್ಬರಾಗಿ ಗೋಡೆ ಇಳಿದರು. ಸಾವಕಾರನೇ ಅಲ್ಲಿ ಕುಳಿತಿದ್ದಾನೆಂದು ಕೇಳಿ, ಬಿಟ್ಟುಹೋದ ಇಬ್ಬರನ್ನೂ ಮನೆಯವರು ವಾಪಸು ಕಳಿಸಿದರು. ನಮಗೋ, ಲೌಡ್‌ಸ್ಪೀಕರಿನ ಜೊತೆ ಗುದ್ದಾಡಿ ಗುದ್ದಾಡಿ ಎಂಥ ದನಿ ಬಂತೆಂದರೆ, ಸಂತೆಯಲ್ಲಿ ನಿಂತು ಕರೆದರೆ ಅವ್ವನಿಗೆ ಮನೆಯಲ್ಲಿ ಕೇಳಬೇಕು.

ಒಂದು ಸಂಜೆ ನಾನು ರೇಡಿನಲ್ಲಿದ್ದೆ. ಮೂವರು ಸುತ್ತುವರಿದಿದ್ದರು, ಉಸಿರು ಮುಗಿಯಲು ಬಂದಿತ್ತು. ಹಾಡು ಪಕ್ಕನೆ ನಿಂತಿತು. ಇಡೀ ಮೈದಾನದಲ್ಲಿ ನನ್ನ ದನಿಯೊಂದೇ. ಕರೆಂಟು ಹೋಯಿತು ಅಂದುಕೊಂಡು ಗೆರೆ ಮುಟ್ಟಿ ತಿರುಗಿ ನೋಡಿದರೆ ಅಪ್ಪನ ಬೆರಳು ಟೇಪಿನ ಗುಂಡಿಯ ಮೇಲಿತ್ತು.

"ಟೀಚರ್, ಹಾಡ ಸಾಕ್ರಿ. ಅಕಿ ದನಿ ನನಗ ಛಂದಂಗ ಕೇಳ್ಲಿ," ಎಂದ ಅಪ್ಪ.

ಟೀಚರು ಸೀಟಿ ಹೊಡೆದು ಮುಂದಿನವಳನ್ನು ಕರೆದರು. ಆದರೆ ಬಸ್ಸಿಗೆ ಕಾಯುವಾಗ ಸುಮ್ಮನಿರಲಾಗದೆ, ಸಾವಕಾರರು ನಮ್ಮ ಪಾರ್ಟಿಗೆ ಬಂದರಲ್ಲ ಎಂದು ಕೆಣಕಿದರು. ರೀಲು ಬಿಸಿಯಾಗಿತ್ತು, ಅದಕ್ಕೆ ನಿಲ್ಲಿಸಿದೆ, ಸಿನಿಮಾದ ಮಾತೇ ಬೇರೆ ಎಂದು ಅಪ್ಪ ಮುಖ ಬಿಗಿದ. ವಾದ ಎಲ್ಲಿತ್ತೋ ಅಲ್ಲೇ ಉಳಿಯಿತು, ಆದರೆ ಗುಲಬರ್ಗಾಕ್ಕೆ ಹೋಗಲು ನನಗೆ ಹೊಸ ಲಂಗ ಹೊಲಿಸಲು ಅಪ್ಪನೇ ಥಾನಿನಿಂದ ಬಟ್ಟೆ ಹರಿದ.

ಫೈನಲ್ ತನಕ ಹೋದೆವು, ಫೈನಲ್‌ನಲ್ಲಿ ಸೋತೆವು. ಅದರ ದುಃಖ ಈಗ ಇಲ್ಲ. ಸೆಮಿಫೈನಲ್‌ನ ಕೊನೆಯ ರೇಡು ಮಾತ್ರ ಮೈಯಲ್ಲಿ ಇನ್ನೂ ಇದೆ. ನಾನೊಬ್ಬಳೇ ಉಳಿದಿದ್ದೆ. ಮೈದಾನ ತುಂಬ ಕೂಗು. ಎದುರಿಗಿದ್ದ ಇಬ್ಬರನ್ನು ಮುಟ್ಟಿ ಗೆರೆಗೆ ಬಿದ್ದೆ, ಗೆದ್ದೆವು. ಟೀಚರು ಓಡಿ ಬಂದು ನನ್ನ ಮುಖದ ಮಣ್ಣನ್ನು ತಮ್ಮ ಸೆರಗಿನಿಂದ ಒರೆಸಿದರು. ಅಷ್ಟು ಹತ್ತಿರದಿಂದ ಅವರನ್ನು ನೋಡಿದ್ದು ಅದೇ ಮೊದಲು. ಕಣ್ಣು ತುಂಬಿದ್ದವು.

"ನೋಡಿದೇನು? ಹಾಡ ಬೇಕಾಯ್ತೇನು ನಿನಗ?"

ಇಲ್ಲ ಎಂದು ತಲೆ ಅಲ್ಲಾಡಿಸಿದೆ.

ಆಮೇಲೆ ಅವರಿಗೆ ಬೇರೆ ಊರಿಗೆ ವರ್ಗವಾಯಿತು, ನನಗೆ ಮದುವೆಯಾಯಿತು. ಅಪ್ಪ ತೀರಿಕೊಂಡಾಗ ಮಾತಾಡಿಸಲು ಬಂದ ಟೀಚರು ಅಂಗಡಿಯ ಕಟ್ಟೆಯ ಮೇಲೆ ಕುಳಿತು, ಎರಡು ಬಸ್ಸು ಬಿಟ್ಟು ಮೂರನೆಯದಕ್ಕೆ ಹೋದರು. ಹೋದ ವರ್ಷ ಅವರೂ ಹೋದರು. ನನಗೆ ಸುದ್ದಿ ತಿಳಿದದ್ದು ತಡವಾಗಿ… ಐವಾನ್-ಎ-ಶಾಹಿಯ ಆ ಮನೆಗೆ ಹೋದಾಗ ಕರ್ಮಾಂತರಗಳೆಲ್ಲ ಮುಗಿದಿದ್ದವು. ಬಾಗಿಲಲ್ಲಿ ನಿಂತು ಅತ್ತು ಬಂದೆ.

ಈಗ ಆ ಸಿನಿಮಾದ ಹಾಡುಗಳನ್ನು ಯಾರೋ ಹೊಸದಾಗಿ ತೊಳೆದು ಬೆಳಗಿ ಮತ್ತೆ ಬಿಡುಗಡೆ ಮಾಡಿದ್ದಾರೆ. ಮೊಬೈಲಿನಲ್ಲಿ ಅದರ ಕೆಳಗೆ ಇಂದಿನ ಹುಡುಗರು ಅದೇ ಜಗಳ ಆಡುತ್ತಿದ್ದಾರೆ, ಕೊನೆಯ ರೇಡಿಗೆ ಹಾಡು ಬೇಕಿತ್ತೋ ಬೇಡವೋ ಎಂದು. ನಾನು ಓದುತ್ತೇನೆ, ಏನೂ ಬರೆಯುವುದಿಲ್ಲ. ಬರೆದರೆ ನಿಜ ಬರೆಯಬೇಕಾಗುತ್ತದೆ. ಆ ಸೆಮಿಫೈನಲ್‌ನಲ್ಲಿ ನನಗೆ ನನ್ನ ದನಿ ಕೇಳುತ್ತಿರಲಿಲ್ಲ, ಜನರ ಕೂಗೂ ಕೇಳುತ್ತಿರಲಿಲ್ಲ. ಕಿವಿಯಲ್ಲಿ ಇದ್ದದ್ದು ಆ ಹಾಡೇ, ಡೊಳ್ಳು ಕಹಳೆಯ ಸಮೇತ, ಮೊದಲಿನಿಂದ ಕೊನೆಯ ತನಕ. ಹೇಳಿದ್ದರೆ ಅಪ್ಪ ಗೆಲ್ಲುತ್ತಿದ್ದ, ಟೀಚರು ಒಂದು ವಾರ ನನ್ನ ಜೊತೆ ಮಾತು ಬಿಡುತ್ತಿದ್ದರು, ಆಮೇಲೆ ಇನ್ನೊಂದು ವಾದ ಹುಡುಕಿಕೊಂಡು ಬರುತ್ತಿದ್ದರು. ಈಗ ಹೇಳಿದರೆ ಒಪ್ಪುವವರು ಬೇಕಾದಷ್ಟು ಜನ ಸಿಗುತ್ತಾರೆ. ಅಲ್ಲವೆನ್ನಲು ಟೀಚರಿಲ್ಲ.