ದೇವರ ಗೂಡಿನ ಹಿಂದೆ ಎಳೆದ ವೈರು

ಏಣಿ ಹತ್ತಿದರೆ ಮೊಣಕಾಲು ನಡುಗುವ ಮನುಷ್ಯ ಗೋಡೆಗೆ ಸ್ಪೀಕರ್ ಕೂರಿಸುವ ಕೆಲಸಕ್ಕೆ ಯಾಕೆ ಬಂದ ಎಂದು ನನ್ನ ಹೆಂಡತಿ ಈಗಲೂ ಹಂಗಿಸುತ್ತಾಳೆ. ಬಂದೆ, ಏನು ಮಾಡುವುದು? ಕೊಳ್ಳೇಗಾಲದಲ್ಲಿ ರೇಡಿಯೊ, ಟೇಪ್ ರೆಕಾರ್ಡರ್ ರಿಪೇರಿಯ ಪುಟ್ಟ ಅಂಗಡಿ ಇಟ್ಟಿದ್ದೆ. ಎರಡು ಸಾವಿರದ ಇಸವಿ ದಾಟಿದ ಮೇಲೆ ಟೇಪ್ ರೆಕಾರ್ಡರ್ ತರುವವರು ಕಮ್ಮಿಯಾಗಿ, ಹೋಂ ಥಿಯೇಟರ್ ಕೂರಿಸಿಕೊಡಿ ಅನ್ನುವವರು ಹುಟ್ಟಿಕೊಂಡರು. ಮುಂದೆ ಮೂರು ಸ್ಪೀಕರ್, ಹಿಂದಿನ ಗೋಡೆಗೆ ಎರಡು, ಮೂಲೆಯಲ್ಲಿ ಗುಡುಗುವ ದಪ್ಪ ಪೆಟ್ಟಿಗೆ ಒಂದು. ಹನೂರು, ಯಳಂದೂರು, ಯಾರು ಎಲ್ಲಿಗೆ ಕರೆದರೂ ಡ್ರಿಲ್ಲು, ಸುತ್ತಿಗೆ ಚೀಲಕ್ಕೆ ತುಂಬಿಕೊಂಡು ಬಸ್ಸು ಹತ್ತುತ್ತಿದ್ದೆ.

ಪೆಟ್ಟಿಗೆಯ ಜೊತೆ ಬರುವ ಕಾಗದದಲ್ಲಿ ಸೋಫಾದ ಮೇಲೆ ಕೂತವರ ಚಿತ್ರ ಇರುತ್ತಿತ್ತು. ನಮ್ಮ ಕಡೆ ಟಿವಿ ನೋಡುವುದು ಚಾಪೆಯ ಮೇಲೆ ಕೂತು. ಆ ಅಳತೆ ಕಟ್ಟಿಕೊಂಡು ಏನು ಮಾಡಲಿ? ಮನೆಯವರನ್ನೆಲ್ಲ ಚಾಪೆಯ ಮೇಲೆ ಕೂರಿಸಿ, ಕಿವಿಯಿಂದ ಮೂರು ಗೇಣು ಮೇಲಕ್ಕೆ ಗೋಡೆಯಲ್ಲಿ ಗುರುತು ಹಾಕುತ್ತಿದ್ದೆ. ವೈರನ್ನು ಗೇಣಿಗೊಂದು ಕ್ಲಿಪ್ಪಿನಂತೆ ಹೊಡೆದು ದಾರ ಹಿಡಿದ ಹಾಗೆ ನೇರಕ್ಕೆ ಎಳೆಯುತ್ತಿದ್ದೆ. ಗೆರೆ ನೋಡಿಯೇ ಇದು ನನ್ನ ಕೆಲಸ ಎಂದು ಜನ ಹೇಳುತ್ತಿದ್ದರು. ನನಗೂ ಅದರ ಜಂಬ ಇತ್ತು.

ಯಳಂದೂರಿನಿಂದ ಸ್ವಲ್ಪ ಒಳಗಿನ ಒಂದು ಊರಿನಲ್ಲಿ ರೇಷ್ಮೆ ಹುಳು ಸಾಕುವ ಮನೆ. ತಾಯಿ, ಮಗ, ಮದುವೆಯಾಗಿ ಇನ್ನೂ ವರ್ಷ ತುಂಬದ ಸೊಸೆ. ಹೋಂ ಥಿಯೇಟರ್ ಆಸೆ ಮಗನದು. ಸಾಯಂಕಾಲ ನೆಂಟರು ಬರುವುದರೊಳಗೆ ಆಗಬೇಕು ಎಂದು ಹೇಳಿ ಅವನು ಸಿನಿಮಾ ಡಿಸ್ಕುಗಳನ್ನು ತರಲು ಕೊಳ್ಳೇಗಾಲಕ್ಕೆ ಹೋದ. ತಾಯಿ ಹುಳುವಿಗೆ ಸೊಪ್ಪು ಕೊಯ್ಯಲು ತೋಟಕ್ಕೆ ಹೊರಟರು. ಹಿಂದಿನ ಗೋಡೆಯ ನಡುವೆ ಅವರ ದೇವರ ಗೂಡಿತ್ತು. ಹೊಸಿಲು ದಾಟುವಾಗ ತಿರುಗಿ ನೋಡಿ, "ದೇವರ ತಲೆ ಮ್ಯಾಲ ವೈರು ಎಳೀಬ್ಯಾಡ ಕಣಪ್ಪ. ಕೆಳಗೂ ಬ್ಯಾಡ, ಅಲ್ಲಿ ದೀಪ ಮಡಗ್ತೀವಿ" ಎಂದರು.

ಮೇಲೂ ಬೇಡ, ಕೆಳಗೂ ಬೇಡ ಅಂದರೆ ವೈರು ಹೋಗುವುದು ಎಲ್ಲಿಂದ? ಒಂದೇ ದಾರಿ. ಗೋಡೆ ತೂತು ಮಾಡಿ ಆ ಕಡೆಗೆ ದಾಟಿಸಿ, ದೇವರ ಗೂಡಿನ ಬೆನ್ನ ಹಿಂದೆ ಎಳೆದು, ಮತ್ತೊಂದು ತೂತಿನಿಂದ ಈಚೆ ತರಬೇಕು. ಆ ಕಡೆ ಇದ್ದದ್ದು ಹುಳುವಿನ ಮನೆ. ಹೊರಗಿನವರು ಅಲ್ಲಿಗೆ ಕಾಲಿಡಬಾರದು. ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದ ಹುಳು ಹಗಲಿರುಳೂ ಸೊಪ್ಪು ಮೇಯುವ ಹೊತ್ತಿನಲ್ಲಂತೂ ಪಕ್ಕದ ಮನೆಯವರನ್ನೂ ಬಿಡುವುದಿಲ್ಲ.

ಸೊಸೆಗೆ ಹೇಳಿದೆ. ಆ ಹೆಣ್ಣುಮಗಳು ಬಾಗಿಲಿನತ್ತ ನೋಡಿದಳು, ಗಡಿಯಾರ ನೋಡಿದಳು. "ಕೆಲ್ಸ ಆಗ್ನಿಲ್ಲ ಅಂದ್ರ ಅವ್ರು ನನ್ನ ಮ್ಯಾಲ ರೇಗ್ತಾರ. ಬಿರ್‌ಬಿರ್ನ ಮುಗಿಸ್ಬುಡಿ ಅಣ್ಣ. ಕೈಕಾಲು ತೊಳ್ಕಂಡು ಬನ್ನಿ" ಎಂದು ನೀರು ಕೊಟ್ಟಳು.

ತೊಳೆದುಕೊಂಡೆ. ಸೋಂಕು ಒಳಗೆ ಬಾರದಿರಲೆಂದು ಹೊಸಿಲಿಗೆ ಹರಡಿದ್ದ ಸುಣ್ಣದ ಪುಡಿ ತುಳಿದೇ ಒಳಗೆ ಹೋದೆ. ಎರಡೂ ಕಡೆ ಬಿದಿರಿನ ತಟ್ಟೆಗಳು, ಹುಳುಗಳು ಸೊಪ್ಪು ಮೇಯುವ ಸರಸರ ಸದ್ದು. ಅಲ್ಲಿಯವರೆಗೂ ಎಲ್ಲ ಸರಿ. ತಟ್ಟೆಗಳ ಮೇಲಿಂದ ಗೋಡೆಗೆ ಕೈ ಎಟುಕಲು ಏಣಿ ಹತ್ತಬೇಕಲ್ಲ, ಮೊಣಕಾಲು ನಡುಗಲು ಶುರುವಾಯಿತು. ನಡುಕ ನಿಲ್ಲಲು ನನಗೆ ಗೊತ್ತಿದ್ದ ಔಷಧಿ ಒಂದೇ. ಜೇಬಿನಿಂದ ಹೊಗೆಸೊಪ್ಪು ತೆಗೆದು, ಸುಣ್ಣ ಹಚ್ಚಿ, ಅಂಗೈಯಲ್ಲಿ ತಿಕ್ಕಿ ದವಡೆಗೆ ಇಟ್ಟುಕೊಂಡೆ. ಯೋಚನೆಯೇ ಮಾಡಲಿಲ್ಲ, ಕೈ ತಾನಾಗಿ ಮಾಡಿಬಿಟ್ಟಿತು. ಕ್ಲಿಪ್ಪು ಹೊಡೆದು ಇಳಿಯುವಾಗ ಕಾಲು ಜಾರಿದಂತಾಗಿ ಪಕ್ಕದ ತಟ್ಟೆ ಹಿಡಿದುಕೊಂಡೆ. ಏಣಿಗೆ ಅಡ್ಡವಾಗಿದ್ದ ಸೊಪ್ಪಿನ ರಾಶಿಯನ್ನು ಎರಡೂ ಕೈಯಲ್ಲಿ ಬಾಚಿ ಆಚೆ ಸರಿಸಿದೆ. ಹೊಗೆಸೊಪ್ಪು ಸೋಕಿದರೆ ಹುಳು ಉಳಿಯುವುದಿಲ್ಲ ಎಂದು ನಮ್ಮ ಸೀಮೆಯ ಚಿಕ್ಕ ಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು. ನೆನಪಾದದ್ದು ಸಾಯಂಕಾಲ ಬಸ್ಸಿನಲ್ಲಿ ಕೂತು ಕೈ ಮೂಸಿಕೊಂಡಾಗ.

ಮೂರು ದಿನ ಅಂಗಡಿಯ ಫೋನು ಹೊಡೆದುಕೊಂಡಾಗಲೆಲ್ಲ ಎದೆ ಧಸಕ್ಕೆನ್ನುತ್ತಿತ್ತು. ನಾಲ್ಕನೆಯ ದಿನ ಆ ಫೋನು ಬಂತು. ಆ ಮನೆಯ ಮಗ. "ಹಿಂದ್ಗಡ ಒಂದು ಸ್ಪೀಕರ್ ಮಾತಾಡ್ತಿಲ್ಲ ಸಾ, ಬಂದು ನೋಡಿ" ಎಂದ. ಇಷ್ಟೇನಾ ಎಂದು ಉಸಿರು ಬಿಡುವಷ್ಟರಲ್ಲಿ, "ನಮ್ಮನೇಲಿ ಬ್ಯಾರೆ ತಾಪತ್ರಯ ಸಾ. ಗೋಡೆ ಕಡೆ ತಟ್ಟೆ ಹುಳ ಎಲ್ಲಾ ಕಕ್ಕಂಡು ಸತ್ತೋದೊ. ಇವ್ಳು ಇಬ್ನಿ ಆರದ ಸೊಪ್ಪು ಆಕ್ಬುಟ್ಟವ್ಳ. ಅವ್ವ ತೌರಿಗೆ ಕಳ್ಸು ಅಂತ ಕುಂತವ್ಳ" ಎಂದ.

ಹೋಗಿ ಒಪ್ಪಿಕೊಳ್ಳಬೇಕು ಎಂದು ಒಂದು ಮನಸ್ಸು. ಹೋಗದೆ ಅಂಗಡಿಗೆ ಬೀಗ ಹಾಕಿಕೊಂಡು ನಾಲ್ಕು ದಿನ ಎಲ್ಲಾದರೂ ತಲೆಮರೆಸಿಕೊಳ್ಳೋಣ ಎಂದು ಇನ್ನೊಂದು. ಹೊಗೆಸೊಪ್ಪಿನ ಪೊಟ್ಟಣ ಅಂಗಡಿಯಲ್ಲೇ ಬಿಟ್ಟು, ಬಾಯಿಗೆ ಲವಂಗ ಹಾಕಿಕೊಂಡು ಬಸ್ಸು ಹತ್ತಿದೆ. ಒಪ್ಪಿಕೊಳ್ಳಲು ಹೊರಟವನಿಗೆ ಲವಂಗ ಯಾತಕ್ಕೆ? ನನ್ನ ಯೋಗ್ಯತೆ ಅಷ್ಟೇ.

ಬಾಗಿಲಲ್ಲಿ ಸೊಸೆಯೇ ಎದುರಾದಳು. ಮುಖ ಬಾಡಿತ್ತು, ಎಡಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಮೆಲ್ಲಗೆ ಹೇಳಿದಳು. "ಬಾಯಿ ಬುಡ್ಬ್ಯಾಡಿ ಅಣ್ಣ. ಇಬ್ನಿ ಸೊಪ್ಪು ಆಕ್ದಿ ಅಂತ ಒಪ್ಕಂಡಿವ್ನಿ. ಬೈಸ್ಕಂಡು ಇದ್ದೋಗ್ತೀನಿ. ಮನೇಲಿ ಯಾರೂ ಇಲ್ದಾಗ ಗಂಡ್ಸುನ್ನ ಹುಳಿನ್ ಮನೆ ಒಳಕ್ಕ ಬುಟ್ಟೆ ಅಂತ ಗೊತ್ತಾದ್ರ ನನ್ನ ಇಲ್ಲಿ ಇರುಸ್ಕಳಲ್ಲ."

ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಮಾತು ಕೇಳಿ ನನಗೆ ಆದದ್ದು ಸಮಾಧಾನ. ಒಪ್ಪಿಕೊಳ್ಳುವ ಕಷ್ಟ ತಪ್ಪಿತಲ್ಲ ಎಂದು.

ಒಳಗೆ ತಾಯಿ ಹುಳುವಿನ ಮನೆಯ ಹೊಸಿಲಿನ ಮೇಲೆ ಕೂತಿದ್ದರು. ಕರೆದು, "ಬಾಗ್ಲಲ್ಲೇ ನಿಂತ್ಕ, ಒಳಕ್ಕ ಬರ್ಬ್ಯಾಡ" ಎಂದರು. ಗೋಡೆಯತ್ತ ಕೈ ತೋರಿಸಿದರು. ಗೋಡೆ ಪಕ್ಕದ ತಟ್ಟೆಗಳು ಖಾಲಿ. ಅವುಗಳ ಮೇಲೆ ನನ್ನ ವೈರು, ಗೇಣಿಗೊಂದು ಕ್ಲಿಪ್ಪು, ದಾರ ಹಿಡಿದ ಹಾಗೆ ನೇರ.

"ಇದ್ನ ಯಾರಪ್ಪ ವಡ್ದೋರು?"

ಬಾಯಲ್ಲಿದ್ದ ಲವಂಗವನ್ನು ಅಗಿಯದೆ ನುಂಗಿಬಿಟ್ಟೆ.

"ನಾನೇ ವಡ್ದಿ ಅತ್ತೆ" ಎಂದಳು ಸೊಸೆ, ನನ್ನ ಬೆನ್ನ ಹಿಂದಿನಿಂದ. "ಅವ್ರು ನಡುಮನೇಲೇ ನಿಂತ್ಕಂಡು ಯೋಳಿದ್ರು. ನಾನು ಒಳಗ ವಡ್ದಿ."

ಅತ್ತೆ ನನ್ನನ್ನು ನೋಡಿದರು, ಅವಳನ್ನು ನೋಡಿದರು, ಗೆರೆ ನೋಡಿದರು. ನನ್ನ ಚೀಲದಿಂದ ಸುತ್ತಿಗೆಯನ್ನೂ ಒಂದು ಕ್ಲಿಪ್ಪನ್ನೂ ತೆಗೆಸಿ ಸೊಸೆಯ ಕೈಗಿಟ್ಟರು. "ಇನ್ನೊಂದು ವಡಿ, ನೋಡ್ತೀನಿ."

ಕ್ಲಿಪ್ಪು ಹೊಡೆಯುವುದು ಸುಲಭ ಎಂದುಕೊಂಡವರು ಒಂದು ಸಲ ಹೊಡೆದು ನೋಡಲಿ. ಮೊಳೆ ಸಣ್ಣದು, ಹಿಡಿಯಲು ಜಾಗವಿಲ್ಲ, ಏಟು ಚೂರು ಓರೆಯಾದರೆ ಬಗ್ಗುತ್ತದೆ. ನನಗೆ ಕೈ ಕೂರಲು ತಿಂಗಳುಗಟ್ಟಲೆ ಹಿಡಿದಿತ್ತು. ಈಗ ಮೊಳೆ ಬಗ್ಗುತ್ತದೆ, ಇವಳ ಸಂಸಾರವೂ ಅದರ ಜೊತೆಗೇ ಹೋಗುತ್ತದೆ ಎಂದು ಕಣ್ಣು ಮುಚ್ಚಿಕೊಂಡೆ. ಮಾತಾಡೋ, ನಾನೇ ಹೊಡೆದದ್ದು ಅನ್ನೋ ಎಂದು ಒಳಗೊಳಗೇ ನನ್ನನ್ನು ಬೈದುಕೊಂಡೆ.

ಟಕ್, ಟಕ್, ಟಕ್. ಮೂರೇ ಏಟು.

ಕಣ್ಣು ಬಿಟ್ಟೆ. ಕ್ಲಿಪ್ಪು ನೆಟ್ಟಗೆ ಕೂತಿತ್ತು. ಬಾಗಿಲ ಕಡೆ, ನಾನು ಹೊಡೆದ ಕೊನೆಯ ಕ್ಲಿಪ್ಪಿನಿಂದ ಸರಿಯಾಗಿ ಒಂದು ಗೇಣು. ಅತ್ತೆ ಅದನ್ನು ಬೆರಳಲ್ಲಿ ಅಲ್ಲಾಡಿಸಿ ನೋಡಿದರು, ಅಲ್ಲಾಡಲಿಲ್ಲ. "ಹೂಂ" ಎಂದರು. "ಇನ್ಮ್ಯಾಕ ಸೊಪ್ಪು ಆರಾಕಿ ಆಕು" ಎಂದು ಎದ್ದುಹೋದರು.

ಸ್ಪೀಕರಿಗೆ ಏನೂ ಆಗಿರಲಿಲ್ಲ. ಹಿಂದುಗಡೆ ವೈರಿನ ತುದಿ ಸಡಿಲವಾಗಿತ್ತು, ಬಿಗಿ ಮಾಡಿದೆ. ಮೆಷಿನ್ನಿನ ಪರೀಕ್ಷೆಯ ಗುಂಡಿ ಒತ್ತಿದರೆ ಒಂದೊಂದೇ ಸ್ಪೀಕರಿನಿಂದ ಸುಸ್ ಅನ್ನುವ ಸದ್ದು ಸುತ್ತಿಕೊಂಡು ಬರುತ್ತದೆ. ಹಿಂದಿನಿಂದ ಬಂದಾಗ ಅತ್ತೆ ಯಾರೋ ಬಂದರು ಎಂಬಂತೆ ತಿರುಗಿ ನೋಡಿದರು. ಅಷ್ಟರಲ್ಲಿ ಬಂದಿದ್ದ ಮಗ ನಕ್ಕ. ಸೊಸೆ ತಿರುಗಲಿಲ್ಲ.

ಕೈ ತೊಳೆಯಲು ಕೊಟ್ಟಿಗೆಯ ಹಿಂದಿನ ತೊಟ್ಟಿಗೆ ಹೋದೆ. ಗೋಡೆಗೆ ಹಳೆಯ ಬಾಗಿಲಿನ ಹಲಗೆಯೊಂದನ್ನು ತಿರುವಿ ಒರಗಿಸಿದ್ದರು. ಅದರ ಸಂದಿಯಲ್ಲಿ ಒಂದು ತುಂಡು ವೈರು ಕಂಡಿತು. ನನ್ನದೇ. ಅವತ್ತು ಅವಸರದಲ್ಲಿ ವೈರಿನ ತುಂಡನ್ನೂ ಕ್ಲಿಪ್ಪಿನ ಡಬ್ಬಿಯನ್ನೂ ಆ ಮನೆಯಲ್ಲೇ ಬಿಟ್ಟು ಬಂದಿದ್ದೆ. ಹಲಗೆ ತಿರುಗಿಸಿದೆ. ತಲೆಯಿಂದ ಬುಡದವರೆಗೂ ಮೊಳೆಗಳು. ಮೇಲಿನ ಸಾಲುಗಳಲ್ಲಿ ಒಂದೂ ನೆಟ್ಟಗಿಲ್ಲ, ಒಡೆದ ಕ್ಲಿಪ್ಪುಗಳ ನಡುವೆ ಒಣಗಿದ ರಕ್ತದ ಕಲೆ. ಕೆಳಕ್ಕೆ ಬಂದಂತೆ ಒಂದೆರಡು ನೇರವಾಗಿದ್ದವು. ಕೊನೆಯ ಸಾಲಿನಲ್ಲಿ ಎಲ್ಲವೂ ನೆಟ್ಟಗೆ, ಗೇಣಿಗೊಂದು.

ನಾನು ಫೋನಿನ ಸದ್ದಿಗೆ ಬೆಚ್ಚುತ್ತಾ ಕಳೆದ ಮೂರು ದಿನ ಆ ಹೆಣ್ಣುಮಗಳು ಇಲ್ಲಿ ಕೂತು ಇದನ್ನು ಕಲಿತಿದ್ದಳು. ಹಲಗೆಯನ್ನು ಇದ್ದ ಹಾಗೆಯೇ ತಿರುವಿ ಇಟ್ಟು, ಕೈ ತೊಳೆಯದೆ ಬಸ್ ಸ್ಟಾಪಿಗೆ ನಡೆದೆ.